ಮಾತಾಡದ ಮಧ್ಯಮ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಗಳು ಮೌತ್ ಆರ್ಗನ್ ಬೇಕೆಂದು ಹಟ ಹಿಡಿದಳು. ಎಂಟನೇ ತರಗತಿ ಮುಗಿಸಿದ ಹುಡುಗಿ. ಸೈಕಲ್ಲೋ ಮೊಬೈಲೋ ಕೇಳಿದ್ದರೆ 'ನೋಡೋಣ' ಎಂದು ಮುಂದೂಡುವ ವಿದ್ಯೆ ಎಲ್ಲ ಅಪ್ಪಂದಿರಂತೆ ನನಗೂ ಗೊತ್ತು. ಆದರೆ ಮೌತ್ ಆರ್ಗನ್ ಎಂದಾಗ ಬಾಯಿಂದ ಬಂದದ್ದು, 'ಅದೆಲ್ಲ ನಮ್ಮ ಮನೆತನಕ್ಕೆ ಒಗ್ಗೋದಿಲ್ಲಮ್ಮ' ಎಂಬ ಮಾತು. ಅಂದ ಮೇಲೆ ನನಗೇ ಕಸಿವಿಸಿಯಾಯಿತು. ಪಾಪ, ಮನೆತನ ಏನು ಮಾಡಿತ್ತು? ಒಗ್ಗದೆ ಹೋದದ್ದು ನನ್ನೊಬ್ಬನಿಗೆ. ಅದೂ ನಲವತ್ತು ವರ್ಷಗಳ ಹಿಂದೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಆಗಿನ್ನೂ ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆಯೇ ಇರಲಿಲ್ಲ. ಅದು ಬೇರೆಯಾದದ್ದು 1986ರಲ್ಲಿ. ಮನೆಯ ಮುಂಭಾಗದಲ್ಲಿ ಎರಡು ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ನಾವು. ಲಾಳಿ ಬಡಿಯುವ ಸದ್ದು ಎಷ್ಟು ಅಭ್ಯಾಸವಾಗಿತ್ತೆಂದರೆ, ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲಲ್ಲಿ ಮಲಗಿದ ಮಗು ಎಚ್ಚರವಾಗಿ ಅಳುತ್ತಿತ್ತು. ಅನ್ನದ ತಟ್ಟೆಯಲ್ಲಿ, ಪುಸ್ತಕದ ಹಾಳೆಗಳ ನಡುವೆ, ಎಲ್ಲೆಲ್ಲೂ ರೇಷ್ಮೆಯ ನವಿರಾದ ತುಣುಕು ಎಳೆಗಳು.

1975ರಲ್ಲಿ ತೆರೆಕಂಡ 'ಶೋಲೆ' ಸಿನಿಮಾ 1984ರಲ್ಲಿ ನಮ್ಮೂರಿಗೆ ಮತ್ತೊಮ್ಮೆ ಬಂತು. ಹುಡುಗರೆಲ್ಲ ಗಬ್ಬರ್ ಸಿಂಗನ ಮಾತು ಉರು ಹೊಡೆದರೆ, ನನಗೆ ಹಿಡಿದದ್ದು ರಾತ್ರಿ ಹೊತ್ತು ಜಗಲಿಯಲ್ಲಿ ಕೂತು ಅಮಿತಾಭ್ ನುಡಿಸುವ ಮೌತ್ ಆರ್ಗನ್. ತೆರೆಯ ಮೇಲೆ ಕಂಡ ಬಾಯಿ ಅಮಿತಾಭರದಾದರೂ ಉಸಿರು ಭಾನು ಗುಪ್ತ ಎಂಬ ವಾದಕರದು ಎಂಬುದಾಗಲೀ, ಸಂಗೀತ ಕೊಟ್ಟ ಆರ್. ಡಿ. ಬರ್ಮನ್ ಸ್ವತಃ ಒಳ್ಳೆಯ ಮೌತ್ ಆರ್ಗನ್ ವಾದಕರು, 1964ರ 'ದೋಸ್ತಿ' ಚಿತ್ರಕ್ಕೆ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಗಾಗಿ ನುಡಿಸಿದ್ದವರು ಎಂಬುದಾಗಲೀ ಆಗ ಗೊತ್ತಿರಲಿಲ್ಲ. ಆ ವರ್ಷದ ಕೊನೆಗೆ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ, ದನಗಳ ಸಂತೆ ಮುಗಿಸಿ ಬರುವಾಗ, ಅಪ್ಪನ ಪಂಚೆ ಹಿಡಿದು ಎಳೆದೆ. ಬೆಂಡು ಬತ್ತಾಸು, ಪೀಪಿ, ಬಲೂನುಗಳ ನಡುವೆ ಮಿಂಚುತ್ತಿದ್ದ ಹತ್ತು ತೂತಿನ ಮೌತ್ ಆರ್ಗನ್ ಅನ್ನು ಅಪ್ಪ ಚೌಕಾಶಿ ಮಾಡಿ ಕೊಡಿಸಿದರು.

ಏಳೆಂಟು ತಿಂಗಳು ಅದು ನನ್ನ ದಿಂಬಿನ ಕೆಳಗೇ ಇತ್ತು. ಹೇಳಿಕೊಡುವವರು ಯಾರೂ ಇರಲಿಲ್ಲ. ತಡಕಾಡುತ್ತಲೇ ಸರಿಗಮ ಕಂಡುಕೊಂಡೆ. ನಾಲ್ಕನೇ ತೂತಿನಲ್ಲಿ ಊದಿದರೆ ಸ, ಉಸಿರು ಒಳಗೆ ಎಳೆದುಕೊಂಡರೆ ರಿ. ಐದರಲ್ಲಿ ಊದಿದರೆ ಗ, ಎಳೆದರೆ ಮ. ಆರರಲ್ಲಿ ಪ ಮತ್ತು ದ. ಏಳರಲ್ಲಿ ಮಾತ್ರ ತಿರುವುಮುರುವು: ಎಳೆದರೆ ನಿ, ಊದಿದರೆ ಮೇಲಿನ ಸ. ಇವು ನಮ್ಮ ಶಂಕರಾಭರಣದ ಸ್ವರಗಳೇ. ಮೊದಮೊದಲು ಎಲ್ಲ ಚೆನ್ನಾಗಿಯೇ ನುಡಿಯುತ್ತಿತ್ತು. ಕೆಲವು ತಿಂಗಳಾದ ಮೇಲೆ ಐದನೇ ತೂತಿನ ಮ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಕೊನೆಗೆ ಬರುವುದೇ ನಿಂತಿತು. ನನ್ನ ಅಭ್ಯಾಸ ಸಾಲದೆಂದು ಇನ್ನಷ್ಟು ಜೋರಾಗಿ ಉಸಿರೆಳೆದು ನೋಡಿದೆ.

1985ರ ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಯಲ್ಲಿ ತಯಾರಿ ನಡೆದಿತ್ತು. ಧೈರ್ಯ ಮಾಡಿ, ರಾಷ್ಟ್ರಗೀತೆ ನುಡಿಸುತ್ತೇನೆಂದು ಮೇಷ್ಟ್ರ ಮುಂದೆ ನಿಂತೆ. ರಾಷ್ಟ್ರಗೀತೆಯ ಮೊದಲ ಸಾಲಿನ ಸ್ವರಗಳನ್ನು ಗಮನಿಸಿ. ಸ, ರಿ ಹತ್ತಿ ಬಹಳ ಹೊತ್ತು ಗದಲ್ಲೇ ನಡೆದು, ಸಾಲು ಮುಗಿಯುವುದು ಸರಿಯಾಗಿ ಮದ ಮೇಲೆ. ನಾನು ಅಲ್ಲಿಯವರೆಗೆ ಸಲೀಸಾಗಿ ಬಂದೆ. ಕೊನೆಯಲ್ಲಿ ಸ್ವರದ ಬದಲು 'ಹುಸ್' ಎಂಬ ಗಾಳಿ. ತರಗತಿಯೆಲ್ಲ ನಕ್ಕಿತು. ಎರಡನೇ ಸಲವೂ ಹುಸ್. 'ರಾಷ್ಟ್ರಗೀತೆಗೆ ಅವಮಾನ ಮಾಡ್ತೀಯೇನೋ? ಸಂಗೀತ ನಿನಗಲ್ಲ, ಹೋಗಿ ಕೂತ್ಕೋ' ಎಂದರು ಮೇಷ್ಟ್ರು. ಅವರು ಕೆಟ್ಟವರೇನಲ್ಲ. ಅವತ್ತು ಇನ್ನೂ ಮೂವತ್ತು ಮಕ್ಕಳ ಡ್ರಿಲ್ಲು, ಭಾಷಣ ನೋಡಬೇಕಿತ್ತು. ಆದರೆ ನಾನು ಆ ಮಾತನ್ನು ನಂಬಿಬಿಟ್ಟೆ. ಮೌತ್ ಆರ್ಗನ್ ಅಮ್ಮನ ಟ್ರಂಕು ಸೇರಿತು. ಮುಂದೆ ಕಾಲೇಜಿನಲ್ಲಿ ಗೆಳೆಯರು ಹಾಡುವಾಗಲೂ ನಾನು ಚಪ್ಪಾಳೆ ಹೊಡೆಯುವ ಸಾಲಿನಲ್ಲೇ ಉಳಿದೆ.

ಇರಲಿ. ಮಗಳ ಹಟವೇ ಗೆದ್ದಿತು. ಒಂದು ಶನಿವಾರ ರೈಲು ಹತ್ತಿ ಬೆಂಗಳೂರಿನ ಬಳೇಪೇಟೆಗೆ ಹೋದೆವು. ತಬಲ, ವೀಣೆ, ನಾದಸ್ವರ ಎಲ್ಲ ಸಿಗುವ ಬೀದಿ. ಅಂಗಡಿಯವರು ಗಾಜಿನ ಮೇಜಿನ ಮೇಲೆ ಮೂರು ಬಗೆ ಹರಡಿದರು. ಒಂದು ಬರೀ ಆಟಿಕೆ. ಇನ್ನೊಂದು ಎರಡು ಸಾಲು ತೂತುಗಳ ಉದ್ದನೆಯದು. ಅದರಲ್ಲಿ ಪ್ರತಿ ಸ್ವರಕ್ಕೂ ಎರಡೆರಡು ರೀಡು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಶ್ರುತಿಯದು, ಅದರಿಂದಲೇ ನಾದ ಅಲೆಅಲೆಯಾಗಿ ನಡುಗುತ್ತದೆ. ಮೂರನೆಯದು ಹತ್ತು ತೂತಿನ ಹೊಸದೊಂದು, ಬೆಲೆ 450 ರೂಪಾಯಿ. ಹೆಸರುವಾಸಿ ಕಂಪೆನಿಗಳದು ಸಾವಿರಗಟ್ಟಲೆ. ಜರ್ಮನಿಯ ಟ್ರೋಸಿಂಗೆನ್‌ನಲ್ಲಿ ಮಥಿಯಾಸ್ ಹೋನರ್ ಎಂಬ ಗಡಿಯಾರ ತಯಾರಕ 1857ರಲ್ಲಿ ಶುರುಮಾಡಿದ ಕಂಪೆನಿಯ ಮೌತ್ ಆರ್ಗನ್ನುಗಳು ಈಗಲೂ ಬರುತ್ತವೆ. ಆದರೆ ಕಲಿಯುವ ಮಗುವಿಗೆ, ನಮ್ಮ ಜೇಬಿಗೆ, 450ರದೇ ಸಾಕು ಎನಿಸಿತು.

'ಬಾಯಿಗಿಟ್ಟ ಮೇಲೆ ವಾಪಸ್ ತಗೊಳ್ಳಲ್ಲ ಸಾರ್. ಇದರಲ್ಲಿ ನೋಡ್ಕೊಳ್ಳಿ' ಎಂದು ಅವರು ಪುಟ್ಟದೊಂದು ತಿದಿ ಕೊಟ್ಟರು. ಅದನ್ನು ಒತ್ತಿದರೆ ಗಾಳಿ ಊದುತ್ತದೆ, ಬಿಟ್ಟರೆ ಎಳೆಯುತ್ತದೆ. ನಾನು ಒಂದೊಂದೇ ತೂತನ್ನು ಪರೀಕ್ಷಿಸಿದೆ. ಹತ್ತು ತೂತು, ಇಪ್ಪತ್ತು ರೀಡು. ಐದನೆಯದನ್ನು ಮೂರು ಸಲ. ಹಾರ್ಮೋನಿಯಂ ಒಳಗಿರುವಂಥದೇ ಹಿತ್ತಾಳೆಯ ನಾಲಗೆಗಳು ಇವು, ಅಷ್ಟೇ, ಪುಟ್ಟವು. ಎಲ್ಲವೂ ನುಡಿದವು. ನಲವತ್ತು ವರ್ಷದ ಸೇಡು ತೀರಿಸಿಕೊಂಡವನಂತೆ ದುಡ್ಡು ಎಣಿಸಿ ಕೊಟ್ಟೆ.

ಮನೆಗೆ ಬಂದು ಅರ್ಧ ಗಂಟೆಯಾಗಿಲ್ಲ, ಮಗಳ ಮುಖ ಬಾಡಿತು. 'ಅಪ್ಪಾ, ಎರಡನೇ ತೂತಲ್ಲಿ ಎಳೆದರೆ ಏನೂ ಬರಲ್ಲ.' ನಾನು ಎಳೆದು ನೋಡಿದೆ. ಉಬ್ಬಸ ಬಂದವನ ಎದೆಯ ಸದ್ದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ತಪ್ಪು ನಿನ್ನದಲ್ಲ ಪುಟ್ಟಿ, ಮಾಲೇ ಸರಿಯಿಲ್ಲ' ಎಂದು ಅವಳಿಗೆ ಸಮಾಧಾನ ಹೇಳಿ ಸೋಮವಾರ ರಜೆ ಹಾಕಿ ಮತ್ತೆ ಬಳೇಪೇಟೆಗೆ ಹೊರಟೆ. ಅಂಗಡಿಯಲ್ಲಿ ದೊಡ್ಡ ದನಿ ತೆಗೆದೆ. ಅವರು ಏನೂ ಮಾತಾಡದೆ ತಿದಿ ಹಚ್ಚಿದರು. ಎರಡನೇ ತೂತು ಗಂಟೆ ಬಡಿದಂತೆ ನುಡಿಯಿತು.

'ಎಲ್ಲರಿಗೂ ಆಗೋದೇ ಸಾರ್. ಕೆಳಗಿನ ಸ್ವರ, ಉದ್ದನೆಯ ರೀಡು. ತುಟಿ ಬಿಗಿಹಿಡಿದು ಜೋರಾಗಿ ಎಳೆದರೆ ಅದು ಉಸಿರುಗಟ್ಟತ್ತೆ. ಬಾಯೊಳಗೆ ಜಾಗ ಬಿಡಿ, ಆಕಳಿಸೋ ಹಾಗೆ ಮೆಲ್ಲಗೆ ಎಳೀರಿ' ಎಂದರು. ಅಲ್ಲೇ ಆಕಳಿಸಿದೆ. ಸ್ವರ ಬಂತು. ಕ್ಷಮೆ ಕೇಳಿ, ಖರ್ಚಾದ ರೈಲು ಚಾರ್ಜು ನೆನೆದುಕೊಳ್ಳುತ್ತಾ ಹೊರಗೆ ಬಂದೆ.

ರೈಲಿನಲ್ಲಿ ಕಿಟಕಿ ಪಕ್ಕ ಕೂತಾಗ ಅಪ್ಪ ನೆನಪಾದರು. ಮಗ್ಗದಲ್ಲಿ ಪದೇಪದೇ ಎಳೆ ಕಡಿಯುತ್ತಿದ್ದರೆ ಅವರು ನೇಯುವ ಹುಡುಗನನ್ನು ಮೊದಲು ಬಯ್ಯುತ್ತಿರಲಿಲ್ಲ. ಲಾಳಿಯನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿ, ತರಕಲು ಇದೆಯೋ ನೋಡುತ್ತಿದ್ದರು. ಲಾಳಿ ನುಣುಪಾಗಿದ್ದರೆ ಆಮೇಲೆ ಹುಡುಗನ ಕೈ ನೋಡುತ್ತಿದ್ದರು. ನನ್ನ ಮೇಷ್ಟ್ರು ಲಾಳಿ ನೋಡದೆ ಹುಡುಗನನ್ನು ಕಳಿಸಿಬಿಟ್ಟರು. ನಾನೋ, ಹುಡುಗಿಯ ಉಸಿರು ನೋಡದೆ ಲಾಳಿಯನ್ನು ಬಯ್ದೆ. ಎರಡರಲ್ಲೂ ಮಗುವಿಗೆ ಆಗುವ ನಷ್ಟ ಒಂದೇ, ಅದು ಕಲಿಯುವುದಿಲ್ಲ. ಗಣಿತವಿರಲಿ, ಇಂಗ್ಲಿಷಿರಲಿ, ಸಂಗೀತವಿರಲಿ, 'ನಿನಗೆ ಬರಲ್ಲ' ಅನ್ನುವ ಮೊದಲೂ, 'ನಿನ್ನ ತಪ್ಪೇನಿಲ್ಲ' ಅನ್ನುವ ಮೊದಲೂ ಆ ವಾದ್ಯವನ್ನು ಒಮ್ಮೆ ತಿದಿಗೆ ಹಚ್ಚಿ ನೋಡುವುದು ಒಳ್ಳೆಯದು. ಗೊತ್ತಿರುವ ಇನ್ನೊಬ್ಬರ ಕೈಗೆ ಕೊಟ್ಟರೆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ನನ್ನದಕ್ಕೆ ಆ ಎರಡು ನಿಮಿಷ ಸಿಗಲಿಲ್ಲ.

ಆ ಯೋಚನೆ ಬಂದದ್ದೇ ಮನೆಗೆ ಬಂದು ಅಮ್ಮನ ಟ್ರಂಕು ತೆಗೆದೆ. ಹಳೆಯ ಸೀರೆಗಳ ಅಡಿಯಲ್ಲಿ ಜಾತ್ರೆಯ ಮೌತ್ ಆರ್ಗನ್ ಕಿಲುಬು ಹಿಡಿದು ಮಲಗಿತ್ತು. ಮಗಳು ಪಕ್ಕ ಕೂತಳು. ಎರಡು ಸಣ್ಣ ಮೊಳೆ ಎಬ್ಬಿಸಿ ಕೆಳಗಿನ ತಗಡು ತೆಗೆದೆ. ಸಾಲಾಗಿ ಹತ್ತು ಹಿತ್ತಾಳೆ ನಾಲಗೆಗಳು. ಎಣಿಸುತ್ತಾ ಐದನೆಯದಕ್ಕೆ ಬಂದೆವು. ನಾಲಗೆಗೂ ಅದರ ಸೀಳಿಗೂ ನಡುವೆ ಏನೋ ಸಿಕ್ಕಿಕೊಂಡಿತ್ತು. ಮಗಳು ಹುಬ್ಬಿನ ಚಿಮಟದಿಂದ ಮೆಲ್ಲಗೆ ಎಳೆದಳು. ಒಂದು ಅಂಗುಲವೂ ಇಲ್ಲದ ರೇಷ್ಮೆ ಎಳೆ. ಬಣ್ಣ ಮಾಸಿತ್ತಾದರೂ ನಮ್ಮ ಮಗ್ಗದ್ದೇ ಇರಬೇಕು, ಬೇರೆ ಎಲ್ಲಿಂದ ಬರಬೇಕು?

ಚೆನ್ನಾಗಿ ಒರೆಸಿ, ತಗಡು ಕೂರಿಸಿ ಬಾಯಿಗಿಟ್ಟೆ. ಐದನೇ ತೂತಿನಲ್ಲಿ ಮೆಲ್ಲಗೆ ಎಳೆದೆ. ಮ ನುಡಿಯಿತು. ಸ್ವಲ್ಪ ಒಡಕಲು, ಶ್ರುತಿಯೂ ತುಸು ಕೆಳಗೆ. ಆದರೂ ಮ.

'ಅವತ್ತು ಯಾಕೋ ಇದನ್ನ ಬಿಟ್ಬಿಟ್ಟೆ? ಚೆನ್ನಾಗಿ ಊದ್ತಿದ್ದೆ. ನಿಂಗೇ ಬೇಜಾರಾಯ್ತೇನೋ ಅನ್ಕೊಂಡಿದ್ದೆ' ಎಂದರು ಅಮ್ಮ, ಗೋಡೆಗೆ ಒರಗಿ ಕೂತಲ್ಲಿಂದಲೇ. ಅವರಿಗೆ ನಾನು ಆ ದಿನದ ಸಂಗತಿ ಹೇಳಿಯೇ ಇರಲಿಲ್ಲ. ಈಗಲೂ ಹೇಳಲಿಲ್ಲ. ಬದಲಿಗೆ 1985ರಲ್ಲಿ ಅರ್ಧಕ್ಕೆ ನಿಂತಿದ್ದ ಸಾಲನ್ನು ಮೊದಲಿನಿಂದ ಶುರುಮಾಡಿದೆ. ಸ, ರಿ, ಆಮೇಲೆ ಗದ ಉದ್ದನೆಯ ಹಾದಿ. ಪಕ್ಕದ ಮನೆಯ ಮಗ್ಗ ತನ್ನ ಪಾಡಿಗೆ ಬಡಿಯುತ್ತಿತ್ತು. ಸಾಲಿನ ಕೊನೆಯ ಮ ತಲುಪಿ ಕಣ್ಣು ಬಿಟ್ಟರೆ, ಎಂಬತ್ತರ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಎದ್ದು ನಿಲ್ಲುತ್ತಿದ್ದರು. ಮಗಳು ಆಗಲೇ ನೆಟ್ಟಗೆ ನಿಂತಿದ್ದಳು.

ಇನ್ನು ನಡುವೆ ನಿಲ್ಲಿಸುವ ಹಾಗಿರಲಿಲ್ಲ. ತಪ್ಪೋ ಒಪ್ಪೋ, ಕೊನೆಯವರೆಗೂ ನುಡಿಸಿದೆ.