ತೆಂಗಿನಕಾಯಿ ಬಿದ್ದಾಗ ಭೂಮಿ ಎಷ್ಟು ಸರಿಯುತ್ತದೆ?

ಹತ್ತು ಮೀಟರ್ ಎತ್ತರದ ಮರದಿಂದ ಕಳಚಿಕೊಂಡ ತೆಂಗಿನಕಾಯಿ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ. ಅಷ್ಟರಲ್ಲಿ ಅದರ ವೇಗ ಗಂಟೆಗೆ 50 ಕಿ.ಮೀ. ಆಗಿರುತ್ತದೆ. ತೋಟದಲ್ಲಿ ಓಡಾಡುವವರು ಆಗಾಗ ತಲೆಯೆತ್ತಿ ನೋಡುವುದು ಸುಮ್ಮನೆ ಅಲ್ಲ. ಧೊಪ್ಪೆಂದು ಬಿದ್ದ ಕಾಯಿ ಒಂದೆರಡು ಸುತ್ತು ಉರುಳಿ ನಿಂತುಬಿಡುತ್ತದೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವ ಸಂವೇಗ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎನ್ನುತ್ತದೆ ಶಾಲೆಯ ಪುಸ್ತಕ. ಹಾಗಿದ್ದರೆ ಗೊನೆಯಲ್ಲಿ ಸುಮ್ಮನೆ ತೂಗುತ್ತಿದ್ದ ಕಾಯಿಗೆ ಅದು ಬಂದದ್ದೆಲ್ಲಿಂದ? ಬಿದ್ದ ಮೇಲೆ ಹೋದದ್ದೆಲ್ಲಿಗೆ? ತರಗತಿಯಲ್ಲಿ ಮಕ್ಕಳು ಕೈಯೆತ್ತಿ ಕೇಳಲೇಬೇಕಾದ ಪ್ರಶ್ನೆಗಳಿವು.

ಉತ್ತರ ಕಾಲ ಕೆಳಗೇ ಇದೆ. ಭೂಮಿ ಕಾಯಿಯನ್ನು ಎಳೆಯುವಷ್ಟೇ ಬಲದಿಂದ ಕಾಯಿಯೂ ಭೂಮಿಯನ್ನು ಎಳೆಯುತ್ತದೆ. ಕಾಯಿ ಕೆಳಕ್ಕೆ ಬರುತ್ತಿದ್ದರೆ ಭೂಮಿ ಅದರತ್ತ ಮೇಲಕ್ಕೆ ಹೊರಡುತ್ತದೆ! ಎರಡರ ಸಂವೇಗವೂ ಸಮ, ದಿಕ್ಕು ಮಾತ್ರ ಎದುರುಬದುರು, ಕೂಡಿದರೆ ಸೊನ್ನೆ. ನೆಲಕ್ಕೆ ಬಡಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ, ಆಗಲೂ ಸೊನ್ನೆಯೇ. ಕಾಯಿಯ ತೂಕ ಒಂದೂವರೆ ಕಿಲೋ ಎಂದುಕೊಂಡರೆ ಭೂಮಿ ಸರಿದ ದೂರ, ಒಂದು ಪ್ರೋಟಾನಿನ ವ್ಯಾಸವನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು. ಅಳೆಯುವ ಉಪಕರಣ ಯಾರ ಬಳಿಯೂ ಇಲ್ಲ. ಆದರೂ ಆ ಚಲನೆಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ದಿಕ್ಕನ್ನು ಮರೆತರೆ ಎಂಥವರೂ ಎಡವುತ್ತಾರೆ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ತ್ 1644ರಲ್ಲಿ ಡಿಕ್ಕಿಯ ನಿಯಮಗಳನ್ನು ಬರೆದ. ಜಗತ್ತಿನ ಒಟ್ಟು ಚಲನೆ ಬದಲಾಗದು ಎಂಬ ಅವನ ಹೊಳಹು ದೊಡ್ಡದು. ಆದರೆ ಅವನು ವೇಗದ ಪ್ರಮಾಣವನ್ನಷ್ಟೇ ಎಣಿಸಿದ, ದಿಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೀಗಾಗಿ, ನಿಂತಿರುವ ದೊಡ್ಡ ವಸ್ತುವಿಗೆ ಚಿಕ್ಕದು ಎಷ್ಟೇ ಜೋರಾಗಿ ಬಡಿದರೂ ದೊಡ್ಡದು ಅಲುಗುವುದಿಲ್ಲ, ಚಿಕ್ಕದು ಬಂದ ವೇಗದಲ್ಲೇ ಹಿಂದಕ್ಕೆ ಪುಟಿಯುತ್ತದೆ ಎಂಬ ತೀರ್ಮಾನಕ್ಕೆ ಬಂದ.

ಕೇರಂ ಆಡುವ ಯಾರೂ ಇದನ್ನು ಒಪ್ಪಲಾರರು. ಬೋರ್ಡಿನ ನಡುವೆ ನಿಂತ ಸ್ಟ್ರೈಕರ್‌ಗೆ ಕಾಯಿನ್ ಬಡಿದರೆ ಸ್ಟ್ರೈಕರ್ ಜರುಗಿಯೇ ಜರುಗುತ್ತದೆ. ಸುಮಾರು 15 ಗ್ರಾಂ ಸ್ಟ್ರೈಕರ್, 5 ಗ್ರಾಂ ಕಾಯಿನ್: ಸ್ಟ್ರೈಕರ್ ಬಂದು ನಿಂತ ಕಾಯಿನ್‌ಗೆ ನೇರ ಬಡಿದು ಶಕ್ತಿ ಸೋರದಿದ್ದರೆ ಕಾಯಿನ್ ಸ್ಟ್ರೈಕರ್‌ನ ಮೊದಲಿನ ವೇಗದ ಒಂದೂವರೆ ಪಟ್ಟಿನಲ್ಲಿ ಚಿಮ್ಮುತ್ತದೆ, ಸ್ಟ್ರೈಕರ್ ಅರ್ಧ ವೇಗದಲ್ಲಿ ಅದರ ಬೆನ್ನು ಹತ್ತುತ್ತದೆ. ತೂತಿಗೆ ನೇರವಾಗಿ ಹೊಡೆದಾಗ ಕಾಯಿನ್ ಹಿಂದೆಯೇ ಸ್ಟ್ರೈಕರ್ ಕೂಡ ಬಿದ್ದು ಡ್ಯೂ ಕಟ್ಟಬೇಕಾಗುವುದು ಇದರಿಂದಲೇ. ಅದೇ ಕಾಯಿನ್ ಇನ್ನೊಂದು ಕಾಯಿನ್‌ಗೆ ನೇರ ಬಡಿದರೆ ಮೊದಲನೆಯದು ಅಲ್ಲೇ ನಿಲ್ಲುತ್ತದೆ, ಎರಡನೆಯದು ಹೊರಡುತ್ತದೆ. ತೂಕ ಸಮವಾದಾಗ ಸಂವೇಗ ಇಡಿಯಾಗಿ ಕೈ ಬದಲಾಯಿಸುತ್ತದೆ.

ಡೆಕಾರ್ತನ ತಪ್ಪನ್ನು ತಿದ್ದಿದವರಲ್ಲಿ ಮುಖ್ಯನಾದವನು ಹಾಲೆಂಡಿನ ಹೈಗೆನ್ಸ್. ಅವನ ದಾರಿ ಬಲು ಚಂದ. ಕಾಲುವೆಯಲ್ಲಿ ಸಾಗುವ ದೋಣಿಯಲ್ಲಿ ಒಬ್ಬ ಎರಡು ಸಮ ಚೆಂಡುಗಳನ್ನು ಸಮ ವೇಗದಲ್ಲಿ ಎದುರೆದುರು ಡಿಕ್ಕಿ ಹೊಡೆಸುತ್ತಾನೆ. ಅವು ಅದೇ ವೇಗದಲ್ಲಿ ಹಿಂದಕ್ಕೆ ಪುಟಿಯುತ್ತವೆ. ದೋಣಿಯ ವೇಗವೂ ಅಷ್ಟೇ ಇದ್ದರೆ ದಡದಲ್ಲಿ ನಿಂತವನಿಗೆ ಕಾಣುವುದೇ ಬೇರೆ: ಒಂದು ಚೆಂಡು ನಿಂತಿದೆ, ಇನ್ನೊಂದು ಇಮ್ಮಡಿ ವೇಗದಲ್ಲಿ ಬಂದು ಬಡಿದು ತಾನು ನಿಂತು ಅದನ್ನು ಓಡಿಸುತ್ತದೆ. ಒಂದೇ ಡಿಕ್ಕಿ, ಎರಡು ನೋಟ, ಒಂದೇ ನಿಯಮ. 1668ರಲ್ಲಿ ಲಂಡನ್ನಿನ ವಿಜ್ಞಾನ ಸಂಘ ರಾಯಲ್ ಸೊಸೈಟಿ ಕೇಳಿದಾಗ ವಿದ್ವಾಂಸರಾದ ವಾಲಿಸ್, ರೆನ್ ಮತ್ತು ಹೈಗೆನ್ಸ್ ಮೂವರೂ ಡಿಕ್ಕಿಯ ನಿಯಮಗಳನ್ನು ಬರೆದು ಒಪ್ಪಿಸಿದರು.

ಇದೇ ನಿಯಮವನ್ನು ನಂಬಿ ನಾಸಾ 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ನೌಕೆಯನ್ನು ಡೈಮಾರ್ಫಸ್ ಎಂಬ ಸುಮಾರು 160 ಮೀಟರ್ ಅಗಲದ ಪುಟ್ಟ ಆಕಾಶಕಾಯಕ್ಕೆ ಬೇಕೆಂದೇ ಗುದ್ದಿಸಿತು. ನೌಕೆಯ ತೂಕ ಆರುನೂರು ಕಿಲೋಗೂ ಕಡಿಮೆ, ವೇಗ ಸೆಕೆಂಡಿಗೆ ಆರು ಕಿ.ಮೀ.ಗೂ ಹೆಚ್ಚು. ಡೈಮಾರ್ಫಸ್ ತನ್ನ ದೊಡ್ಡ ಜೊತೆಗಾರ ಆಕಾಶಕಾಯವನ್ನು ಒಂದು ಸುತ್ತು ಬರಲು ಹನ್ನೆರಡು ಗಂಟೆಗೆ ಐದು ನಿಮಿಷ ಕಮ್ಮಿ ಹಿಡಿಯುತ್ತಿತ್ತು, ಆ ಅವಧಿ ಅರ್ಧ ಗಂಟೆಗೂ ತುಸು ಹೆಚ್ಚು ಇಳಿಯಿತು. ನೌಕೆ ಹೊತ್ತೊಯ್ದ ಸಂವೇಗ ಒಂದೇ ಇಷ್ಟಕ್ಕೆ ಸಾಲದು. ಗುದ್ದಿದ ಜಾಗದಿಂದ ಕಲ್ಲುಮಣ್ಣು ಹಿಂದಕ್ಕೆ ಚಿಮ್ಮಿತ್ತು. ಅದು ಚಿಮ್ಮಿದಷ್ಟೂ ಡೈಮಾರ್ಫಸ್ ಮುಂದಕ್ಕೆ ತಳ್ಳಿಸಿಕೊಂಡಿತು. ಒಟ್ಟು ತಳ್ಳು ನೌಕೆಯ ಸಂವೇಗದ ಸುಮಾರು ಮೂರೂವರೆ ಪಟ್ಟು ಎಂಬ ಅಂದಾಜಿದೆ. ಅಂದಾಜು ಏಕೆಂದರೆ ಡೈಮಾರ್ಫಸ್‌ನ ತೂಕ ನೇರವಾಗಿ ಅಳೆದದ್ದಲ್ಲ. ಅದನ್ನೂ ಅಳೆಯಲೆಂದು ಯೂರೋಪಿನ ಹೇರಾ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿತು.