ಗಡಿಯಾರದ ಕೆಳಗೊಂದು ಕ್ರಿಯಾಪದ

ಸಂಜೆಯಾಗುತ್ತಿದ್ದಂತೆ ಸ್ಪೇನ್ ದೇಶದ ಸಲಮಾಂಕಾ ನಗರದ ಪ್ಲಾಜಾ ಮಯೋರ್ ಎಂಬ ದೊಡ್ಡ ಚೌಕದಲ್ಲಿ ಜನ ಸೇರತೊಡಗುತ್ತಾರೆ. ಚೌಕದ ಉತ್ತರಕ್ಕೆ ಪುರಭವನ. ಅದರ ನೆತ್ತಿಯ ಬಳಿ ಒಂದು ಗಡಿಯಾರ. ಅದರ ಕೆಳಗೆ ಮಾತ್ರ ಗುಂಪು ತುಸು ಹೆಚ್ಚು. ಅಲ್ಲಿ ನಿಂತವರೆಲ್ಲ ಯಾರಿಗೋ ಕಾಯುತ್ತಿರುವವರು. ಕತ್ತು ಎತ್ತಿ ಎತ್ತಿ ನೋಡುತ್ತಾರೆ. ಗೆಳೆಯರು ಕಂಡೊಡನೆ ಕೈಬೀಸಿ ಹೊರಟುಬಿಡುತ್ತಾರೆ. ಅವರ ಜಾಗಕ್ಕೆ ಮತ್ತಷ್ಟು ಮಂದಿ ಬಂದು ನಿಲ್ಲುತ್ತಾರೆ.

‘ಕೆದಾಮೋಸ್ ದೆಬಾಹೋ ದೆಲ್ ರೆಲೋಹ್.’ ಗಡಿಯಾರದ ಕೆಳಗೆ ಸಿಗೋಣ. ಇದು ಸಲಮಾಂಕಾದವರ ನಿತ್ಯದ ಮಾತು. ಇದರ ಮೊದಲ ಪದದ ಮೂಲರೂಪ ‘ಕೆದಾರ್’. ಸ್ಪ್ಯಾನಿಷ್ ಕಲಿಯಲೆಂದು ನಾನಾ ದೇಶಗಳಿಂದ ಈ ಊರಿಗೆ ಬರುವ ವಿದ್ಯಾರ್ಥಿಗಳಿಗೆ ಬಂದ ಹೊಸತರಲ್ಲೇ ಎದುರಾಗಿ, ಬಹುಕಾಲ ಕಾಡುವ ಕ್ರಿಯಾಪದವಿದು.

ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ತೋರ್ಮೆಸ್ ನದಿಯ ದಂಡೆಯ ಮೇಲಿದೆ ಸಲಮಾಂಕಾ. ಲೆಯೋನ್ ರಾಜ್ಯದ ದೊರೆ ಒಂಬತ್ತನೆಯ ಅಲ್ಫೋನ್ಸೋ 1218ರಲ್ಲಿ ಇಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯಕ್ಕೆ 2018ರಲ್ಲಿ 800 ವರ್ಷ ತುಂಬಿತು. ಆಂತೋನಿಯೋ ದೆ ನೆಬ್ರಿಹಾ ಬರೆದ ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣ ಮುದ್ರಣಗೊಂಡದ್ದೂ ಈ ಊರಿನಲ್ಲೇ, 1492ರಲ್ಲಿ. ಸಮೀಪದ ವಿಲ್ಯಾಮಯೋರ್‌ನ ಕಲ್ಲಿನಿಂದ ಕಟ್ಟಿದ ಇಲ್ಲಿನ ಹಳೆಯ ಕಟ್ಟಡಗಳು ಸಂಜೆಯ ಬಿಸಿಲಿಗೆ ಹೊನ್ನಿನಂತೆ ಹೊಳೆಯುತ್ತವೆ. ಹಳೆಯ ನಗರವನ್ನು ಯುನೆಸ್ಕೊ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ?

ಆದರೆ ವ್ಯಾಕರಣದ ಊರಿನಲ್ಲೂ ನಿಘಂಟು ಕೈಕೊಡುತ್ತದೆ. ಕೆದಾರ್ ಎಂದರೇನು ಎಂದು ತೆರೆದು ನೋಡಿದರೆ ಮೊದಲು ಸಿಗುವ ಅರ್ಥ ‘ಉಳಿ’. ಗೆಳೆಯರು ‘ಎಂಟಕ್ಕೆ ಕೆದಾಮೋಸ್’ ಎಂದಾಗ ನಿಘಂಟನ್ನೇ ನಂಬಿದ ಹೊಸ ವಿದ್ಯಾರ್ಥಿ ‘ಎಂಟಕ್ಕೆ ಉಳಿಯೋಣ’ ಎಂದುಕೊಂಡು ಕೋಣೆಯಲ್ಲೇ ಉಳಿದುಬಿಟ್ಟರೆ ಆಶ್ಚರ್ಯವಿಲ್ಲ. ಅತ್ತ ಗಡಿಯಾರದ ಕೆಳಗೆ ಗೆಳೆಯರು ಕಾಯುತ್ತಿರುತ್ತಾರೆ. ಪರೀಕ್ಷೆಯಲ್ಲಿ ತಪ್ಪಿದರೆ ಒಂದು ಅಂಕ ಹೋದೀತು. ಇಲ್ಲಿ ತಪ್ಪಿದರೆ ಹೊಸದಾಗಿ ಕಟ್ಟಿಕೊಂಡ ಸ್ನೇಹಕ್ಕೇ ಕುಂದು. ಹೀಗೆ ಮಾತಿಗೆ ತಪ್ಪಿ ಇತರರ ಕಣ್ಣಲ್ಲಿ ಸಣ್ಣವರಾಗುವುದಕ್ಕೂ ಸ್ಪ್ಯಾನಿಷ್‌ನಲ್ಲಿ ಇದೇ ಕ್ರಿಯಾಪದ: ‘ಕೆದಾರ್ ಮಾಲ್’!

ವ್ಯತ್ಯಾಸ ಇರುವುದು ಒಂದು ಪುಟ್ಟ ಪದದಲ್ಲಿ. ‘ಕೆದಾಮೋಸ್’ ಎಂದರೆ ಸಿಗೋಣ. ‘ನೋಸ್ ಕೆದಾಮೋಸ್’ ಎಂದರೆ ಇಲ್ಲೇ ಉಳಿಯೋಣ. ‘ನೋಸ್’ ಸೇರಿದೊಡನೆ ಹೊರಟ ಕಾಲು ಮನೆಯಲ್ಲೇ ನಿಲ್ಲುತ್ತದೆ.

ಚೌಕದಿಂದ ದಕ್ಷಿಣಕ್ಕೆ ರುವಾ ಮಯೋರ್ ಎಂಬ ಬೀದಿ ಹಿಡಿದು ನಡೆದರೆ ಸಾಲು ಸಾಲು ಅಂಗಡಿಗಳು. ಇಂಥ ಬೀದಿಯಲ್ಲಿ ಕೆದಾರ್ ಹೆಜ್ಜೆಗೊಮ್ಮೆ ವೇಷ ಬದಲಿಸುತ್ತದೆ. ಬಟ್ಟೆಯಂಗಡಿಯಲ್ಲಿ ಅಂಗಿ ತೊಟ್ಟು ನೋಡಿದವನಿಗೆ ಅಂಗಡಿಯಾಕೆ ‘ತೆ ಕೇದ ಬ್ಯೇನ್’ ಎನ್ನುತ್ತಾಳೆ. ನಿನಗೆ ಚೆನ್ನಾಗಿ ಒಪ್ಪುತ್ತದೆ ಎಂದರ್ಥ. ಅವನು ‘ಮೆ ಲೋ ಕೇದೋ’ ಎಂದರೆ ವ್ಯಾಪಾರ ಮುಗಿಯಿತು: ಇದನ್ನು ನಾನು ಇಟ್ಟುಕೊಳ್ಳುತ್ತೇನೆ. ರೊಟ್ಟಿಯಂಗಡಿಗೆ ತಡವಾಗಿ ಹೋದವರಿಗೆ ಸಿಗುವುದು ‘ನೋ ಕೇದ’ ಎಂಬ ಉತ್ತರ. ಏನೂ ಉಳಿದಿಲ್ಲ. ದಾರಿ ಕೇಳಿದರೆ, ‘ಕೇದ ಲೇಹೋಸ್’. ಅದು ಇರುವುದು ದೂರದಲ್ಲಿ.

ಬೀದಿಯ ಕೊನೆಯ ಹತ್ತಿರ ವಿಶ್ವವಿದ್ಯಾಲಯ. ಒಳಗೆ ಫ್ರಾಯ್ ಲೂಯಿಸ್ ದೆ ಲೆಯೋನ್ ಎಂಬ ಕವಿ, ಪ್ರಾಧ್ಯಾಪಕರ ಹೆಸರಿನ ತರಗತಿಯೊಂದಿದೆ. ಒರಟು ಮರದ ತೊಲೆಗಳಂಥ ಹಳೆಯ ಬೆಂಚುಗಳನ್ನು ಅಲ್ಲಿ ಹಾಗೆಯೇ ಕಾಪಾಡಿದ್ದಾರೆ. ಬೈಬಲ್‌ನ ಒಂದು ಭಾಗವನ್ನು ಜನರ ಆಡುಮಾತಿಗೆ ತಂದದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ ಧಾರ್ಮಿಕ ನ್ಯಾಯಮಂಡಳಿ ಅವರನ್ನು 1572ರಿಂದ 1576ರವರೆಗೆ ಸೆರೆಯಲ್ಲಿಟ್ಟಿತ್ತು. ಬಿಡುಗಡೆಯಾಗಿ ಬಂದ ಅವರು ಏನೂ ನಡೆದೇ ಇಲ್ಲವೆಂಬಂತೆ, ಹಿಂದಿನ ದಿನ ಬಿಟ್ಟ ಪಾಠವನ್ನು ಮುಂದುವರಿಸುವವರ ಹಾಗೆ ತರಗತಿ ಆರಂಭಿಸಿದರಂತೆ. ಇದು ದಂತಕಥೆ. ಇಂದು ಸ್ಪ್ಯಾನಿಷ್ ಅಧ್ಯಾಪಕರು ಪಾಠ ಶುರುಮಾಡುವಾಗ ಕೇಳುವ ಪ್ರಶ್ನೆಯಲ್ಲೂ ನಮ್ಮ ಕ್ರಿಯಾಪದವೇ ಇದೆ: ‘ದೋಂದೆ ನೋಸ್ ಕೆದಾಮೋಸ್?’ ಎಲ್ಲಿಗೆ ನಿಲ್ಲಿಸಿದ್ದೆವು?

ಅಲ್ಲಿಂದ ಇಳಿಜಾರಿನಲ್ಲಿ ಸಾಗಿದರೆ ತೋರ್ಮೆಸ್ ನದಿ, ಅದರ ಮೇಲೆ ರೋಮನ್ನರ ಕಾಲದ ಸೇತುವೆ. ಈಗಿರುವ 26 ಕಮಾನುಗಳಲ್ಲಿ ನಗರದ ಕಡೆಯ 15 ಮಾತ್ರ ರೋಮನ್ನರವು. 1626ರ ಜನವರಿಯ ಮಹಾಪ್ರವಾಹ ಸೇತುವೆಯ ಹಲವು ಕಮಾನುಗಳನ್ನು ಕೆಡವಿಹಾಕಿತು. ಆ ಭಾಗವನ್ನು ಮತ್ತೆ ಕಟ್ಟಬೇಕಾಯಿತು. ರೋಮನ್ನರ ಕಮಾನುಗಳು ಎಷ್ಟು ಎಂದು ಕೇಳಿದರೆ ಉತ್ತರ ಎರಡೇ ಪದ: ‘ಕೇದಾನ್ ಕಿನ್ಸೆ’. ಹದಿನೈದು ಉಳಿದಿವೆ.

ಒಂದೇ ಕ್ರಿಯಾಪದಕ್ಕೆ ಇಷ್ಟೊಂದು ಅರ್ಥವೇ? ಕೆದಾರ್ ಹುಟ್ಟಿದ್ದು ‘ಶಾಂತವಾಗಿಸು, ವಿಶ್ರಮಿಸು’ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇಂಗ್ಲಿಷಿನ ಕ್ವಯಟ್ ಕೂಡ ಅದೇ ಬಳಗದ್ದು. ಚಲನೆಯೆಲ್ಲ ಮುಗಿದ ಮೇಲೆ ಒಂದು ವಸ್ತು ಎಲ್ಲಿ, ಹೇಗೆ ನಿಂತಿತು ಎಂಬುದೇ ಇದರ ಒಳದನಿ. ನೆರೆ ಇಳಿದ ಮೇಲೆ ನಿಂತದ್ದು ಕಮಾನು. ಮಾರಾಟದ ನಂತರ ಮಿಕ್ಕದ್ದು ರೊಟ್ಟಿ. ಚರ್ಚೆ ಮುಗಿದ ಮೇಲೆ ಗಟ್ಟಿಯಾದದ್ದು ‘ಎಂಟು ಗಂಟೆಗೆ ಸಿಗೋಣ’ ಎಂಬ ತೀರ್ಮಾನ. ಹೀಗೆ ನೋಡಿದರೆ ಹತ್ತು ಅರ್ಥಗಳನ್ನು ಉರುಹೊಡೆಯುವ ಕಷ್ಟ ಅರ್ಧ ಇಳಿಯುತ್ತದೆ.

ಉಳಿದರ್ಧ ಇಳಿಸಲು ಕನ್ನಡದ ಮಕ್ಕಳಿಗೆ ಮನೆಯಲ್ಲೇ ಒಂದು ಸಾಧನವಿದೆ. ಹೊಸ ವಿದೇಶಿ ಭಾಷೆಯನ್ನು ಇಂಗ್ಲಿಷಿನ ಮೂಲಕವೇ ಕಲಿಯಬೇಕೆಂಬ ನಂಬಿಕೆ ಅನೇಕ ಪೋಷಕರಲ್ಲಿದೆ. ಕೆದಾರ್ ವಿಷಯದಲ್ಲಿ ಅದು ಸುತ್ತುದಾರಿ. ರಾತ್ರಿ ನೆಂಟರ ಮನೆಯಲ್ಲಿ ತಂಗುವುದಕ್ಕೂ ಜೇಬಿನಲ್ಲಿ ಹತ್ತು ರೂಪಾಯಿ ಮಿಕ್ಕಿರುವುದಕ್ಕೂ ಇಂಗ್ಲಿಷಿಗೆ ಬೇರೆ ಬೇರೆ ಪದ ಬೇಕು. ಕನ್ನಡಕ್ಕೆ ‘ಉಳಿ’ ಒಂದೇ ಸಾಕು. ‘ಎಂಟಕ್ಕೆ ಸಿಗುವುದೆಂದು ಒಪ್ಪಿದೆವು’, ‘ಈ ಅಂಗಿ ನಿನಗೆ ಒಪ್ಪುತ್ತದೆ’ ಎನ್ನುವಾಗ ನಾವೂ ತೀರ್ಮಾನಕ್ಕೂ ಅಂದಕ್ಕೂ ಒಂದೇ ಕ್ರಿಯಾಪದ ಬಳಸುತ್ತೇವೆ. ಕೆದಾರ್ ಮಾಡುವುದೂ ಅದನ್ನೇ! ವಾಕ್ಯದ ಕಟ್ಟೂ ಹಾಗೆಯೇ. ‘ತೆ ಕೇದ ಬ್ಯೇನ್’ ಎಂಬಲ್ಲಿ ಕರ್ತೃ ಅಂಗಿ. ‘ತೆ’ ಎಂದರೆ ನಮ್ಮ ಚತುರ್ಥಿ ವಿಭಕ್ತಿಯ ‘ನಿನಗೆ’. ‘ಇಟ್ಟುಕೊಳ್ಳುತ್ತೇನೆ’ ಎಂಬುದರಲ್ಲಿ ‘ಕೊಳ್ಳು’ ಮಾಡುವ ಕೆಲಸವನ್ನೇ ‘ಮೆ ಲೋ ಕೇದೋ’ದಲ್ಲಿ ‘ಮೆ’ ಮಾಡುತ್ತದೆ.

ಎಲ್ಲ ಕಡೆಯೂ ಹೀಗೆ ಹೊಂದುತ್ತದೆಂದಲ್ಲ. ‘ಸಿಗೋಣ’ ಎಂಬ ಅರ್ಥಕ್ಕೆ ‘ಉಳಿ’ಯನ್ನು ಎಳೆದು ತರಲಾಗದು. ಈ ಬಳಕೆ ಸ್ಪೇನಿನಲ್ಲಿ ಇರುವಷ್ಟು ಲ್ಯಾಟಿನ್ ಅಮೆರಿಕದಲ್ಲಿ ಇಲ್ಲ. ಅದನ್ನು ಜನರ ನಡುವೆ ನಿಂತೇ ಕಲಿಯಬೇಕು. ಆದರೆ ಹೊಸ ಭಾಷೆಯ ಬಾಗಿಲಲ್ಲಿ ನಿಂತ ಮಗು ತಾಯ್ನುಡಿಯನ್ನು ಹೊರಗೆ ಬಿಟ್ಟು ಬರಬೇಕಾಗಿಲ್ಲ. ಎಷ್ಟೋ ವೇಳೆ ಬೀಗದ ಕೈ ಅದರಲ್ಲೇ ಇರುತ್ತದೆ.

ಸಲಮಾಂಕಾದಲ್ಲಿ ಹರಟೆ ಮುಗಿಸಿ ಏಳುವಾಗ ಯಾರಾದರೂ ಒಬ್ಬರು ‘ಎನ್ ಕೆ ಕೆದಾಮೋಸ್?’ ಎಂದು ಕೇಳುವುದುಂಟು. ಕೊನೆಗೆ ಏನೆಂದು ಒಪ್ಪಿದೆವು? ಉತ್ತರ ಸಾಮಾನ್ಯವಾಗಿ ಒಂದೇ: ನಾಳೆ ಎಂಟಕ್ಕೆ, ಗಡಿಯಾರದ ಕೆಳಗೆ. ಈ ಬಾರಿ ಆ ಹೊಸ ವಿದ್ಯಾರ್ಥಿ ಐದು ನಿಮಿಷ ಮೊದಲೇ ಬಂದು ನಿಂತಿರುತ್ತಾನೆ.