ಅಟ್ಟ ಹತ್ತಿ ನೋಡ್ರಿ

ಇವತ್ತು ಮುಂಜಾನೆ ಅಣ್ಣಿಗೇರಿಯ ಓಣಿಯೊಂದರಲ್ಲಿ ನನಗೆ ಸಿಟ್ಟು ಬಂತು. ತಂಗಿಯ ಮಗ ಕೊಳ್ಳಬೇಕೆಂದಿರುವ ಹಳೆಯ ಮಾಳಿಗೆ ಮನೆ ನೋಡಲು ಹೋಗಿದ್ದೆ. ಎರಡೂ ಬದಿಯ ಮನೆಗಳಿಗೆ ಗೋಡೆ ಹಚ್ಚಿಕೊಂಡೇ ಕಟ್ಟಿದ್ದು. ಪಡಸಾಲೆಗೆ ಹೊಸ ಬಣ್ಣ, ನೆಲಕ್ಕೆ ಟೈಲ್ಸ್, ತಲೆಯ ಮೇಲೆ ಬೆಳ್ಳನೆಯ ಪಿಒಪಿ ಸೀಲಿಂಗ್. "ಅಟ್ಟಕ್ಕ ನಿಚ್ಚಣಿಕಿ ಎಲ್ಲೈತ್ರಿ?" ಎಂದೆ. "ಅಟ್ಟದಾಗ ಏನೈತ್ರಿ ಕಾಕಾ ನೋಡೂದು? ಬರೇ ಧೂಳ," ಎಂದ ಆ ಮನೆಯ ಹುಡುಗ.

ಕಾಗದಪತ್ರ ನೋಡಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಳ್ಳಿಯಲ್ಲಿ ಇ-ಸ್ವತ್ತಿನ ನಮೂನೆ 9, 11 ಕೇಳುತ್ತಾರೆ, ಪೇಟೆಯಲ್ಲಿ ಪುರಸಭೆಯ ಉತಾರ ಕೇಳುತ್ತಾರೆ. ಚಕ್ಕುಬಂದಿಯನ್ನು ಎರಡು ಸಲ ಓದಿಸುತ್ತಾರೆ. ಕತ್ತೆತ್ತಿ ಮೇಲೆ ನೋಡುವವರು ಮಾತ್ರ ಇಲ್ಲ.

ನಮ್ಮ ಕಡೆಯ ಮನೆಯ ಜೀವವಿರುವುದೇ ಮೇಲೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಎಲ್ಲದರ ಮೇಲೆ ಮಣ್ಣು. ಆ ಮಣ್ಣು ಹೊಲದ ಎರಿ ಮಣ್ಣಲ್ಲ. ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಮಾಳಿಗೆಗೆ ಬೇಕಾದದ್ದು ಸವಳು ಮಣ್ಣು. ಹೊಲದಲ್ಲಿ ಕಂಡರೆ ರೈತ ಹಣೆ ಹಣೆ ಬಡಿದುಕೊಳ್ಳುವ ಅದೇ ಸವಳು, ಮಾಳಿಗೆಯ ಮೇಲೆ ನೀರು ತಾಕಿದೊಡನೆ ಕಣ ಕಣ ಬಿಡಿಸಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಮಳೆಗಾಲಕ್ಕೆ ಮೊದಲು ಅದನ್ನು ಹೊಸದಾಗಿ ಹರವಿ ಬಡಿಯಬೇಕು. ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನೇ ಹಾಕುತ್ತ ಹೋದರೆ ಭಾರವೆಲ್ಲ ಜಂತಿಯ ಮೇಲೆ. ಇಷ್ಟು ಜಾಣತನವಿದ್ದ ಮಾಳಿಗೆಯ ಕೆಳಗೆ ಪಿಒಪಿ ಹೊಡೆದು, ಒಂದು ಜಂತಿಯೂ ಕಾಣದಂತೆ ಮುಚ್ಚುವುದೆಂದರೆ ರೋಗಿಯ ಗಾಯಕ್ಕೆ ರೇಷ್ಮೆ ಶಲ್ಯ ಹೊದಿಸಿದಂತೆ. ಸೋರಿದ ನೀರಿನ ಕಲೆ ಕಾಣದು, ವರಲಿ ಹತ್ತಿದ್ದು ಕಾಣದು, ಬಾಗಿದ ತೊಲೆ ಕಾಣದು. ಇದನ್ನು ಶೃಂಗಾರ ಎನ್ನಲು ನಾನು ಒಪ್ಪುವುದಿಲ್ಲ.

2019ರ ಆಗಸ್ಟ್ ಮಳೆಯನ್ನು ನವಲಗುಂದದ ಕಡೆಯವರು ಮರೆತಿಲ್ಲ. ಬೆಣ್ಣಿಹಳ್ಳ ಉಕ್ಕಿತು, ಮಣ್ಣಿನ ಮನೆಗಳು ಕುಸಿದವು. ಹಳ್ಳದ ನೀರು ಮುಟ್ಟದ ಊರಲ್ಲೂ ದಿನಗಟ್ಟಲೆ ಹಿಡಿದ ಜಡಿಮಳೆಗೆ ಗೋಡೆಗಳು ನೆನೆದು ಜಾರಿದವು. ನಡುಗೋಡೆ ಹಂಚಿಕೊಂಡ ಮನೆಗಳಲ್ಲಿ ಪಕ್ಕದವರ ಸೋರಿಕೆ ನಿಮ್ಮ ಜಂತಿಯ ತುದಿಗೆ ಬರುತ್ತದೆ. ಗೋಡೆಯೊಳಗೆ ಹೂತ ಆ ತುದಿಯೇ ಮೊದಲು ಕೊಳೆಯುವುದು. ಅದನ್ನು ಚೂರಿಯಿಂದ ಚುಚ್ಚಿ ನೋಡಬೇಕು. ಗಟ್ಟಿ ಸಾಗವಾನಿಯಾದರೆ ಚೂರಿಯ ಮೊನೆ ಸುಲಭಕ್ಕೆ ಇಳಿಯುವುದಿಲ್ಲ.

ಕೊನೆಗೆ ನಿಚ್ಚಣಿಕೆ ತರಿಸಿ ಹತ್ತಿದೆ. ನಡುಗೋಡೆಯ ಕಡೆಯ ಎರಡು ಜಂತಿಗಳ ತುದಿ ಕರ್ರಗಾಗಿ ಮೆತ್ತಗಾಗಿದ್ದವು. ಅವನ್ನು ಬದಲಿಸಿ ಕೊಟ್ಟರಷ್ಟೇ ಸಂಚಕಾರ ಕೊಡು ಎಂದು ಅಳಿಯನಿಗೆ ಅಲ್ಲಿಂದಲೇ ಕೂಗಿ ಹೇಳಿದೆ. ಇಳಿಯಬೇಕೆನ್ನುವಾಗ ಮೂಲೆಯಲ್ಲಿ ಕಂಡದ್ದು ತೊಟ್ಟಿಲು. ಕಲಘಟಗಿ ತೊಟ್ಟಿಲು!

ಧೂಳನ್ನು ಧೋತರದ ಚುಂಗಿನಿಂದ ಒರೆಸಿದರೆ ಕೆಂಪು, ಹಳದಿ, ಹಸಿರು ನಿನ್ನೆ ಬಳಿದಷ್ಟು ತಾಜಾ. ಬಾಲಕೃಷ್ಣನ ಆಟಗಳು ಹಲಗೆಯ ತುಂಬ. ಕಲಘಟಗಿಯ ಚಿತ್ರಗಾರರು ಸಾಗವಾನಿಗೆ ಅರಗಿನ ಬಣ್ಣ ಕೂಡಿಸಿ ಮಾಡುವ ಈ ತೊಟ್ಟಿಲು ತಲೆಮಾರುಗಳನ್ನು ದಾಟುತ್ತದೆ. ನಮ್ಮ ಮನೆಯಲ್ಲೂ ಒಂದಿತ್ತು. ಹೆರಿಗೆಯ ಮನೆಯಿಂದ ಹೆರಿಗೆಯ ಮನೆಗೆ ಚಕ್ಕಡಿಯಲ್ಲಿ ಹೋಗುತ್ತಿತ್ತು. ಕುಂದಗೋಳದ ಅತ್ತಿಯ ಮಕ್ಕಳೂ ಅದರಲ್ಲೇ ಮಲಗಿದವರು. ಕೂಸಿಲ್ಲದ ವರ್ಷ ಮಾತ್ರ ಅದಕ್ಕೆ ಅಟ್ಟದ ವಾಸ. ಇಂದು ಇದನ್ನು ಮಾಡಬಲ್ಲ ಮನೆತನಗಳು ಕೆಲವೇ ಉಳಿದಿವೆ, ಹೊಸದು ಮಾಡಿಸುವುದು ಎಲ್ಲರ ಕೈಗೆ ಎಟಕುವಂಥದ್ದಲ್ಲ.

ಹಳೆಯ ಮನೆ ಕೊಳ್ಳುವವರು ಸಂಚಕಾರಕ್ಕೆ ಮೊದಲು ಅಟ್ಟ ಹತ್ತಿರಿ. ಮಾರುವವರೇ, ನೀವು ಅವರಿಗಿಂತ ಮೊದಲು ಹತ್ತಿರಿ. ತೊಟ್ಟಿಲು ಸಿಕ್ಕರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ, ಬಳಗದಲ್ಲಿ ಬಸುರಿಯಿರುವ ಮನೆಗೆ ಕಳಿಸಿರಿ.